ಬೇರು ಕೊಟ್ಟವರಿಗೆ ನಂಬರು

ಕಡಲೆಗೆ ಬರ ತಡೆಯುವ ಶಕ್ತಿ ತಂದುಕೊಟ್ಟಿದ್ದೇವೆ ಅಂತ ವಿಜ್ಞಾನಿಗಳು ಹೇಳುತ್ತಿದ್ದಾರೆ. ಸುಳ್ಳಲ್ಲ. ನಾವು ವಿಜ್ಞಾನದ ವೈರಿಗಳೂ ಅಲ್ಲ. ನಮ್ಮ ಮನೆಗಳಲ್ಲಿ ಮೊದಲ ಸಲ ಕಾಲೇಜಿನ ಮೆಟ್ಟಿಲು ಹತ್ತಿದವರು ನಾವು. ಮಳೆಗಾಗಿ ಕತ್ತೆಗಳಿಗೆ ಮದುವೆ ಮಾಡಿಸುವವರ ಪಂಕ್ತಿಯಲ್ಲಿ ಕೂರುವುದಿಲ್ಲ. ಆದರೆ ಆ ಶಕ್ತಿ ಯಾರ ಹೊಲದಿಂದ ಬಂತು, ಯಾರ ಹೊಲಕ್ಕೆ ಹೋಯಿತು? ಇದನ್ನು ಕೇಳದೆ ಚಪ್ಪಾಳೆ ತಟ್ಟಲಾರೆವು.

ಕೆಲಸ ಏನೆಂದು ಮೊದಲು ತಿಳಿಯೋಣ. ಕಡಲೆ ಹಿಂಗಾರಿನ ಬೆಳೆ. ಎರೆಮಣ್ಣು ಮಳೆಗಾಲದಲ್ಲಿ ಕುಡಿದಿಟ್ಟ ನೀರನ್ನೇ ನಂಬಿ ನಿಲ್ಲುತ್ತದೆ. ಕಾಯಿ ಕಟ್ಟುವ ಹೊತ್ತಿಗೆ ಮೇಲುಮಣ್ಣು ಒಣಗಿರುತ್ತದೆ. ಬೇರು ಆಳಕ್ಕೆ ಇಳಿದ ಗಿಡಕ್ಕೆ ಬದುಕು, ಇಳಿಯದ್ದಕ್ಕೆ ಸಾವು. ಅಂಥ ಬೇರಿನ ತಳಿಯೊಂದು ಐಸಿಸಿ 4958. ಅದರ ನಾಲ್ಕನೇ ವರ್ಣತಂತುವಿನ ಒಂದು ತುಂಡಿನಲ್ಲಿ ಬರ ತಡೆಯುವ ಹಲವು ಗುಣಗಳು ಒತ್ತೊತ್ತಾಗಿ ಕೂತಿವೆ ಅಂತ ಹೈದರಾಬಾದ್ ಬಳಿಯ ಪಟಾನ್‌ಚೆರುವಿನ ಇಕ್ರಿಸ್ಯಾಟ್ ಸಂಸ್ಥೆಯವರು ಕಂಡರು. ಆ ತುಂಡಿನ ಡಿಎನ್‌ಎ ಗುರುತು ಹಿಡಿದರೆ ಸಸಿ ಗೇಣುದ್ದ ಆಗುವ ಮೊದಲೇ ಗುಣ ಇದೆಯೋ ಇಲ್ಲವೋ ಹೇಳಬಹುದು. ಬರಗಾಲಕ್ಕೆ ಕಾಯಬೇಕಿಲ್ಲ. ಹೀಗೆ ಆರಿಸಿದ ಸಸಿಯನ್ನು ರೈತರು ಮೆಚ್ಚಿದ ತಳಿಯ ಜೊತೆ ಮತ್ತೆ ಮತ್ತೆ ಕೂಡಿಸುತ್ತಾರೆ. ಕೊನೆಗೆ ದಾನಿಯದ್ದು ಬೇಕಾದ ತುಂಡು ಉಳಿದು, ಮಿಕ್ಕಿದ್ದು ಹೆಚ್ಚುಕಡಿಮೆ ಅಳಿಸಿಹೋಗುತ್ತದೆ. ಪೂಸಾ 372ಕ್ಕೆ ಆ ತುಂಡು ಸೇರಿ ಪೂಸಾ 10216 ಆಯಿತು. 2019ರಲ್ಲಿ ಮಧ್ಯ ಭಾರತಕ್ಕೆಂದು ಬಿಡುಗಡೆಯಾಯಿತು. ಅದೇ ವರ್ಷ ನಮ್ಮ ರಾಯಚೂರಿನ ಕೃಷಿ ವಿಶ್ವವಿದ್ಯಾಲಯ ಮತ್ತು ಇಕ್ರಿಸ್ಯಾಟ್ ಸೇರಿ, ಇದೇ ದಾರಿಯಲ್ಲಿ ಅಣ್ಣಿಗೇರಿ-1ಕ್ಕೆ ಸೊರಗು ರೋಗ ತಡೆಯುವ ಗುಣ ಕೂಡಿಸಿ ಸೂಪರ್ ಅಣ್ಣಿಗೇರಿ-1 ಕೊಟ್ಟವು.

ಸಂತೋಷ ಸ್ವಾಮಿ. ಆದರೆ ಅಣ್ಣಿಗೇರಿಗೆ ಹೆಸರು ಉಳಿಯಿತು, ಪೂಸಾಕ್ಕೆ ಹೆಸರು ಉಳಿಯಿತು. ಬೇರು ಕೊಟ್ಟದ್ದಕ್ಕೆ ಒಂದು ನಂಬರು.

ಇದು ನಮಗೆ ಹೊಸದೇ? ಗುಣಿ ತೋಡಿದವರು, ಕಾಯಿ ಸುಲಿದವರು, ಮಟ್ಟೆ ಹೊತ್ತವರು ಯಾರು, ಪಹಣಿಯಲ್ಲಿ ಇರುವವರು ಯಾರು? ಇಕ್ರಿಸ್ಯಾಟಿನ ಬೀಜಬ್ಯಾಂಕಿನಲ್ಲಿ 20,000ಕ್ಕೂ ಹೆಚ್ಚು ಕಡಲೆ ಮಾದರಿಗಳಿವೆ, ಬಹುಪಾಲು ಹೊಲಗಳಿಂದಲೇ ಹೋದವು. ಕಣದಲ್ಲಿ ಒಕ್ಕಿ, ತೂರಿ, ಗಟ್ಟಿ ಕಾಳು ಆರಿಸಿ, ಬೂದಿ ಬೆರೆಸಿ ಮಡಕೆಯಲ್ಲಿ ಇಟ್ಟ ಹೆಂಗಸಿನ ಕೈ ಯಾವ ಲೆಡ್ಜರಿನಲ್ಲಿದೆ? ಬೀಜ ಉಳಿಸಿದ ಸಮುದಾಯಕ್ಕೆ ಲಾಭದಲ್ಲಿ ಪಾಲು ಅಂತ 2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಹೇಳುತ್ತದೆ. ಕೂಲಿಗೆ ಬೀಜ ಆರಿಸಿದವಳು ಪಾಲು ಕೇಳಲು ಹೋದರೆ ಯಾವ ಕಾಗದ ತೋರಿಸಬೇಕು?

ಗುರುತು ಹಿಡಿದು ಆರಿಸುವ ವಿದ್ಯೆ ನಮ್ಮ ಊರುಗಳಿಗೂ ಗೊತ್ತು. ಹುಟ್ಟಿದ ಕೇರಿ ಕೇಳಿದರೆ ಸಾಕು, ಮಗುವಿನ ಯೋಗ್ಯತೆ ತೀರ್ಮಾನ. ಒಂದೇ ವ್ಯತ್ಯಾಸ: ಕಡಲೆಯ ಗುರುತನ್ನು ವಿಜ್ಞಾನಿಗಳು ಹೊಲಕ್ಕಿಳಿಸಿ ವರ್ಷಗಟ್ಟಲೆ ಪರೀಕ್ಷೆ ಮಾಡುತ್ತಾರೆ, ಸುಳ್ಳಾದರೆ ಬಿಸಾಕುತ್ತಾರೆ. ಜಾತಿಯ ಗುರುತನ್ನು ಯಾವ ಹೊಲದಲ್ಲೂ ಪರೀಕ್ಷೆಗೆ ಬಿಟ್ಟಿಲ್ಲ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ತೆಂಗಿನ ಸೀಮೆಯವರಿಗೆ ಎರೆಹೊಲದ ಕಡಲೆಯ ಗೊಡವೆ ಯಾಕೆ ಅಂತ ಕೇಳಬಹುದು. ಕೇಳಿ. ಇಲ್ಲಿ ನೀರೆಲ್ಲ ತೋಟಕ್ಕೆ. ಸಾವಿರ ಅಡಿ ಕೊರೆದರೂ ತೋಟಕ್ಕೆ. ನಮ್ಮವರಿಗೆ ದರಖಾಸ್ತಿನಲ್ಲಿ ಸಿಕ್ಕಿದ್ದು ಗುಡ್ಡದ ಬದಿಯ ಕೆಮ್ಮಣ್ಣು, ಅದರಲ್ಲಿ ಬರುವುದು ಹುರುಳಿ. ಇಂಗ್ಲಿಷರು ಅದಕ್ಕೆ ಕುದುರೆಕಾಳು ಅಂತ ಹೆಸರಿಟ್ಟರು. ಆ ಕಾಳಿನ ಸಾರಿನಲ್ಲಿ ಮುದ್ದೆ ನುಂಗಿ ಬೆಳೆದವರು ಏನಾದರು ಅಂತ ಅವರು ಯೋಚಿಸಲಿಲ್ಲ, ಬಿಡಿ.

ಕೇಂದ್ರದ ಬೆಂಬಲ ಬೆಲೆ ನೋಡಿ. 2025ರ ಹಂಗಾಮಿಗೆ ಉಂಡೆಕೊಬ್ಬರಿ ಕ್ವಿಂಟಲಿಗೆ 12,100 ರೂಪಾಯಿ. 2025-26ರ ಹಿಂಗಾರು ಮಾರಾಟ ಹಂಗಾಮಿಗೆ ಕಡಲೆ 5,650. ಹುರುಳಿಗೆ? ಅದು ಪಟ್ಟಿಯಲ್ಲೇ ಇಲ್ಲ. ಕೊಬ್ಬರಿಯ ಬೆಲೆ ಬಿದ್ದಾಗ ತಿಪಟೂರಿನ ಮಾರುಕಟ್ಟೆ ಮುಂದೆ ಧರಣಿ ಕೂರುತ್ತಾರೆ. ಕೂರಲಿ, ಕಾಯಿ ಸುಲಿಯುವವರ ಕೂಲಿಯೂ ಅದರಲ್ಲೇ ಇದೆ. ಹುರುಳಿಗೆ ಬೀಳಲಿಕ್ಕೂ ಒಂದು ಬೆಲೆ ಇಲ್ಲವಲ್ಲ!

ಸಂಶೋಧನೆಯಲ್ಲೂ ಇದೇ ಪಂಕ್ತಿಭೇದ. ಕಡಲೆಯ ಜೀನೋಮ್ ಓದಿದ್ದು 2013ರಲ್ಲಿ. 2021ರಲ್ಲಿ 3,366 ಕಡಲೆ ತಳಿಗಳ ಜೀನೋಮ್ ಓದಿ ಮುಗಿಸಿದರು. ಹುರುಳಿಯ ಜೀನೋಮಿನ ಕರಡು ಹೊರಬಂದದ್ದೇ 2021ರಲ್ಲಿ. ನೀರಿಲ್ಲದೆ ಬದುಕುವುದನ್ನು ಯಾರಿಂದಲೂ ಕಲಿಯಬೇಕಿಲ್ಲದ ಕಾಳು ಸಾಲಿನ ಕೊನೆಯಲ್ಲಿ ನಿಂತಿದೆ.

ಆದ್ದರಿಂದ ಗುರುತಿನ ವಿದ್ಯೆ ಬೇಡ ಅಂತ ನಾವು ಹೇಳುವುದಿಲ್ಲ, ನಮ್ಮ ಕೆಮ್ಮಣ್ಣಿಗೂ ಬರಲಿ ಅಂತ ಹೇಳುತ್ತೇವೆ. ಹುರುಳಿ ಬೆಂಬಲ ಬೆಲೆಯ ಪಟ್ಟಿಗೆ ಸೇರಬೇಕು. ಹೊಸ ತಳಿಯ ಪ್ರಾತ್ಯಕ್ಷಿಕೆ ಡ್ರಿಪ್ ಇರುವ ತೋಟದ ಪಕ್ಕದಲ್ಲಿ ಬೇಡ. ದರಖಾಸ್ತು ಜಮೀನಿನಲ್ಲಿ ನಡೆಯಲಿ, ಮಳೆ ಕೈಕೊಟ್ಟ ವರ್ಷವೂ ನಡೆಯಲಿ. ಹಳ್ಳಿಯ ಮೇಷ್ಟ್ರುಗಳಿಗೆ ಒಂದು ಮಾತು: ಮಕ್ಕಳ ಕೈಲಿ ಮನೆಯ ಬೀಜದ ಹುರುಳಿ ಒಂದೊಂದು ಹಿಡಿ ತರಿಸಿ. ಪೊಟ್ಟಣದ ಮೇಲೆ ಊರು, ಕೇರಿ, ಬೀಜ ಇಟ್ಟ ಅವ್ವನ ಹೆಸರು ಬರೆಸಿ. ಕೃಷಿ ವಿಶ್ವವಿದ್ಯಾಲಯಕ್ಕೆ ಆ ಹೆಸರಿನ ಸಮೇತವೇ ಕಳಿಸಿ, ರಸೀದಿ ಕೇಳಿ.