ಶಾಲು ಕೆಟ್ಟರೆ ಕೈಯನ್ನು ಬೈಯಬೇಡಿ, ಮೊದಲು ನೂಲನ್ನು ತೂಗಿ

ನಮ್ಮ ಅತ್ತಿಗೆ 15 ವರ್ಷದಿಂದ ಸ್ವೆಟರ್ ಹೆಣೆಯುತ್ತಾರೆ. ನಮ್ಮ ಬೀದಿಯಲ್ಲಿ ಹುಟ್ಟಿದ ಯಾವ ಕೂಸೂ ಅವರ ಟೋಪಿ, ಕಾಲುಚೀಲ ಹಾಕದೆ ಚಳಿಗಾಲ ಕಳೆದಿಲ್ಲ. ಅಂಥವರಿಗೆ ಕಳೆದ ವರ್ಷ ಬೆಂಗಳೂರಿನಿಂದ ಒಂದು ಆರ್ಡರ್ ಬಂತು. ಮದುವೆಗೆ ಹೊದೆಯಲು ಲೇಸ್ ಶಾಲು. ಮೊಬೈಲಿನಲ್ಲಿ ವಿಡಿಯೋ ನೋಡಿಕೊಂಡು, ಹೊಲದ ಕೆಲಸ ಮುಗಿಸಿ, ರಾತ್ರಿ ಲೈಟಿನ ಕೆಳಗೆ ಕೂತು ಎರಡು ತಿಂಗಳು ಹೆಣೆದರು. ವಿಡಿಯೋದಲ್ಲಿದ್ದ ಎಲೆ ಎಲೆಯಂಥ ಜಾಲರಿ ಬರಲಿಲ್ಲ. ಬಂದದ್ದು ಭಾರದ, ಬಿರುಸಾದ, ತೂತುಗಳೆಲ್ಲ ಮುಚ್ಚಿಹೋದ ಒಂದು ಬಟ್ಟೆ. ಆರ್ಡರ್ ಕೊಟ್ಟವರು ವಾಪಸ್ ಕಳಿಸಿದರು, ಹಣ ಕೊಡಲಿಲ್ಲ.

"ನನ್ನ ಕೈಯೇ ಸರಿಯಿಲ್ಲ ಬಿಡಪ್ಪ, ನಮಗೆ ಸ್ವೆಟರೇ ಸಾಕು" ಅಂದರು ಅತ್ತಿಗೆ. ಈ ಮಾತು ನನಗೆ ಚುಚ್ಚಿತು. ಅವರ ಕೈಯಲ್ಲಿ ತಪ್ಪಿರಲಿಲ್ಲ. ಕುಣಿಕೆ ಒಂದೂ ತಪ್ಪಿರಲಿಲ್ಲ, ಎಣಿಸಿ ನೋಡಿದ್ದೇವೆ. ತಪ್ಪಿದ್ದು ನೂಲು ಮತ್ತು ಕಡ್ಡಿ. ಅವೆರಡರ ಬಗ್ಗೆ ಅವರಿಗೆ ಯಾರೂ ಒಂದು ಮಾತು ಹೇಳಿರಲಿಲ್ಲ. ಅಂಗಡಿಯವರೂ ಹೇಳಲಿಲ್ಲ, ಹಿಂದೊಮ್ಮೆ ಊರಿಗೆ ಬಂದು ತರಬೇತಿ ಕೊಟ್ಟು ಫೋಟೋ ತೆಗೆಸಿಕೊಂಡು ಹೋದವರೂ ಹೇಳಲಿಲ್ಲ. (ಆ ಫೋಟೋ ಪತ್ರಿಕೆಗೆ ಕಳಿಸಿದವನು ನಾನೇ. ಅದೂ ನೆನಪಿದೆ.)

ಲೇಸ್ ಅಂದರೆ ಏನು ಅಂತ ಮೊದಲು ನೋಡೋಣ. ಸ್ವೆಟರಿನಲ್ಲಿ ಬಟ್ಟೆ ಮುಖ್ಯ, ಲೇಸಿನಲ್ಲಿ ತೂತು ಮುಖ್ಯ. ನೂಲನ್ನು ಕಡ್ಡಿಯ ಮೇಲೆ ಸುಮ್ಮನೆ ಒಂದು ಸುತ್ತು ಹಾಕಿದರೆ ಒಂದು ತೂತಾಗುತ್ತದೆ. ಒಂದು ಕುಣಿಕೆ ಹೆಚ್ಚಾಯಿತಲ್ಲ, ಅದನ್ನು ಸರಿದೂಗಿಸಲು ಪಕ್ಕದಲ್ಲಿ ಎರಡು ಕುಣಿಕೆ ಸೇರಿಸಿ ಒಂದು ಮಾಡುತ್ತೇವೆ. ಎಲೆ, ಹೂ, ಅಲೆ ಎಲ್ಲ ಹುಟ್ಟುವುದು ಈ ಲೆಕ್ಕದಿಂದ. ಆದರೆ ಕಡ್ಡಿಯಿಂದ ಇಳಿಸಿದಾಗ ಎಂಥ ಒಳ್ಳೆಯ ಲೇಸೂ ಮುದುಡಿದ ಒರೆಸುವ ಬಟ್ಟೆಯ ಹಾಗೇ ಕಾಣುತ್ತದೆ. ಅದನ್ನು ನೀರಲ್ಲಿ ನೆನೆಸಿ, ಟವೆಲಿನಲ್ಲಿ ಸುತ್ತಿ ಒತ್ತಿ ನೀರು ತೆಗೆದು, ಚಾಪೆಯ ಮೇಲೆ ಎಳೆದು ಹರಡಿ, ಸುತ್ತಲೂ ಗುಂಡುಪಿನ್ನು ಚುಚ್ಚಿ ಒಣಗಿಸಬೇಕು. ಆಗ ತೂತುಗಳು ಕಣ್ಣು ಬಿಡುತ್ತವೆ.

ಅತ್ತಿಗೆಯ ಶಾಲು ಸೋತದ್ದು ಇಲ್ಲೇ. ಕುರಿಯ ಉಣ್ಣೆ ನೀರು ಕುಡಿದು ಮೆತ್ತಗಾಗುತ್ತದೆ, ಎಳೆದಲ್ಲಿಗೆ ಬರುತ್ತದೆ, ಒಣಗಿದ ಮೇಲೆ ಅಲ್ಲೇ ನಿಲ್ಲುತ್ತದೆ. ಅಕ್ರಿಲಿಕ್ ಹಾಗಲ್ಲ, ಪಿನ್ನು ತೆಗೆದರೆ ಮತ್ತೆ ಮುದುಡುತ್ತದೆ. ಅದಕ್ಕೆ ಹಬೆಯ ಶಾಖ ಕೊಟ್ಟು ಕೂರಿಸಬಹುದು, ಆದರೆ ಶಾಖ ಸ್ವಲ್ಪ ಹೆಚ್ಚಾದರೆ ನೂಲು ಜೀವ ಕಳಕೊಂಡು ಜೋತುಬೀಳುತ್ತದೆ. ಮತ್ತೆ ಸರಿಹೋಗದು.

ಈಗ ನಮ್ಮ ತಾಲ್ಲೂಕಿನ ಅಂಗಡಿಗೆ ಹೋಗಿ "ಉಲ್ಲನ್ ಕೊಡಿ" ಅನ್ನಿ. ಕೊಡುವುದು ಬಹುತೇಕ ಅಕ್ರಿಲಿಕ್. ನಮ್ಮಲ್ಲಿ ಉಲ್ಲನ್ ಎಂಬ ಹೆಸರು ಸ್ವೆಟರ್ ದಾರಕ್ಕೆಲ್ಲ ಅಂಟಿಕೊಂಡುಬಿಟ್ಟಿದೆ. ಅಂಗಡಿಯವರು ಮೋಸ ಮಾಡುತ್ತಿದ್ದಾರೆ ಅಂತ ನಾನು ಹೇಳುವುದಿಲ್ಲ, ಅವರಿಗೂ ಯಾರೂ ಬೇರೆ ಏನನ್ನೂ ಕೇಳಿಲ್ಲ. ಮಕ್ಕಳ ಸ್ವೆಟರಿಗೆ ಅಕ್ರಿಲಿಕ್ ಒಳ್ಳೆಯದೇ, ಒಗೆದಷ್ಟೂ ತಡೆಯುತ್ತದೆ, ಬೆಲೆಯೂ ಕಡಿಮೆ. ಆದರೆ ಯಾವುದು ಯಾವುದೆಂದು ಕೊಳ್ಳುವವರಿಗೆ ಗೊತ್ತಿರಬೇಕು. ಒಂದು ಬೆರಳುದ್ದ ನೂಲು ತೆಗೆದುಕೊಂಡು, ಇಕ್ಕಳದಲ್ಲಿ ಹಿಡಿದು, ನೀರಿನ ಬಟ್ಟಲು ಪಕ್ಕದಲ್ಲಿಟ್ಟುಕೊಂಡು ಬೆಂಕಿ ತಾಗಿಸಿ. ಕೂದಲು ಸುಟ್ಟ ವಾಸನೆ ಬಂದು, ಬೂದಿ ಬೆರಳಲ್ಲಿ ಪುಡಿಯಾದರೆ ಉಣ್ಣೆ ಇಲ್ಲವೇ ರೇಷ್ಮೆ. ಕರಗಿ ಗಟ್ಟಿ ಕರಿ ಮಣಿಯಾದರೆ ಅಕ್ರಿಲಿಕ್. ಕಾಗದ ಸುಟ್ಟ ವಾಸನೆ ಬಂದರೆ ಹತ್ತಿ.

ಇನ್ನು ದಪ್ಪ. ಇಲ್ಲಿ ಎಲ್ಲರೂ ಹೇಳುವುದು "2 ಪ್ಲೈ, 4 ಪ್ಲೈ". ಪ್ಲೈ ಅಂದರೆ ಎಷ್ಟು ಎಳೆ ಹುರಿ ಮಾಡಿದ್ದಾರೆ ಅನ್ನುವುದಷ್ಟೇ. ಎಳೆಯೇ ದಪ್ಪವಿದ್ದರೆ 2 ಪ್ಲೈ ಕೂಡ ಹಗ್ಗದ ಹಾಗಿರುತ್ತದೆ. ನಂಬಬೇಕಾದ್ದು 100 ಗ್ರಾಮಿಗೆ ಎಷ್ಟು ಮೀಟರ್ ಎಂಬ ಲೆಕ್ಕವನ್ನು. ಲೇಸ್ ನೂಲು ಸುಮಾರು 800 ಮೀಟರ್ ಇರುತ್ತದೆ. ತೆಳು ಸ್ವೆಟರಿನ ನೂಲು 400ರ ಆಸುಪಾಸು. ದಪ್ಪದ್ದು 200ರಿಂದ 250. ಲೇಬಲಿನಲ್ಲಿ ಮೀಟರ್ ಬರೆದಿಲ್ಲವೇ? ಟೇಪು ಹಿಡಿದು 10 ಮೀಟರ್ ಅಳೆದು ಕತ್ತರಿಸಿ ಅಕ್ಕಸಾಲಿಗರ ತಕ್ಕಡಿಯಲ್ಲಿ ಇಡಿಸಿ. ಒಂದೂಕಾಲು ಗ್ರಾಂ ಬಂದರೆ ಲೇಸ್ ನೂಲು. ಎರಡೂವರೆ ಬಂದರೆ ತೆಳು ಸ್ವೆಟರಿನದು. ಅತ್ತಿಗೆಯ ಶಾಲಿನಲ್ಲಿ ಮಿಕ್ಕಿದ್ದ ನೂಲನ್ನು ನಾನು ಒಯ್ದು ತೂಗಿಸಿದೆ. ನಾಲ್ಕೂವರೆ ಗ್ರಾಂ! ಅಂಗಡಿಯಲ್ಲಿದ್ದ ಆಚಾರರು ಚಿನ್ನದ ತಕ್ಕಡಿಯಲ್ಲಿ ದಾರ ಇಟ್ಟಿದ್ದಕ್ಕೆ ಮೊದಲು ನಕ್ಕರು, ಆಮೇಲೆ ಅವರೇ ಕುತೂಹಲದಿಂದ ಎರಡು ಸಲ ತೂಗಿದರು.

ಕಡ್ಡಿಯ ಕಥೆ ಇದಕ್ಕಿಂತ ಸಿಕ್ಕು. ವಿಡಿಯೋದಲ್ಲಿದ್ದ ಹೆಂಗಸು "8 ನಂಬರ್" ಅಂದಿದ್ದಳು, ಅತ್ತಿಗೆ ಪೆಟ್ಟಿಗೆಯಿಂದ 8 ನಂಬರ್ ತೆಗೆದು ಶುರು ಮಾಡಿದ್ದರು. ನಮ್ಮಲ್ಲಿ ನಡೆಯುವುದು ಹಳೆಯ ಇಂಗ್ಲೆಂಡಿನ ನಂಬರು. ಅದರಲ್ಲಿ ನಂಬರ್ ಹೆಚ್ಚಾದಷ್ಟೂ ಕಡ್ಡಿ ಸಣ್ಣ. 8 ಅಂದರೆ 4 ಮಿ.ಮೀ., 10 ಅಂದರೆ ಮೂರೂಕಾಲು ಮಿ.ಮೀ. ಅಮೆರಿಕದಲ್ಲಿ ಲೆಕ್ಕ ತಿರುಗುಮುರುಗು, ನಂಬರ್ ಹೆಚ್ಚಾದಷ್ಟೂ ದಪ್ಪ. ಅಲ್ಲಿ 8 ಅಂದರೆ 5 ಮಿ.ಮೀ., 10 ಅಂದರೆ 6 ಮಿ.ಮೀ. ವಿಡಿಯೋ ಅಮೆರಿಕದ್ದು. ದಪ್ಪ ನೂಲು, ಅದಕ್ಕೆ ಸಣ್ಣ ಕಡ್ಡಿ. ತೂತು ಎಲ್ಲಿಂದ ಬರಬೇಕು?

ಹಾಗಾಗಿ ನಂಬರ್ ಮರೆತುಬಿಡಿ, ಮಿಲಿಮೀಟರ್ ಕೇಳಿ. ಹಳೆಯ ಕಡ್ಡಿಗಳಲ್ಲಿ ಗುರುತು ಅಳಿಸಿಹೋಗಿದ್ದರೆ ಬಡಗಿಯ ಹತ್ತಿರ ಹೋಗಿ ಒಂದು ಹಲಗೆ ತುಂಡಿಗೆ 3.5, 4, 4.5, 5 ಮಿ.ಮೀ. ಡ್ರಿಲ್‌ನಿಂದ ಸಾಲಾಗಿ ತೂತು ಹೊಡೆಸಿಕೊಳ್ಳಿ. ಕಡ್ಡಿ ಯಾವ ತೂತಿಗೆ ಸರಿಯಾಗಿ ಕೂರುತ್ತದೋ ಅದೇ ಅದರ ಅಳತೆ. ಹೈಸ್ಕೂಲಿನ ಲ್ಯಾಬಿನಲ್ಲಿ ವರ್ನಿಯರ್ ಇದ್ದರೆ ಇನ್ನೂ ಸುಲಭ.

ಲೇಸ್ ನೂಲಿಗೆ ಸಾಮಾನ್ಯವಾಗಿ ಮೂರೂವರೆಯಿಂದ ನಾಲ್ಕೂವರೆ ಮಿ.ಮೀ. ಕಡ್ಡಿ ಬೇಕು. "ಇಷ್ಟು ಸಣ್ಣ ನೂಲಿಗೆ ಇಷ್ಟು ದಪ್ಪ ಕಡ್ಡಿಯಾ?" ಅಂತ ಸ್ವೆಟರ್ ಹೆಣೆದು ಅಭ್ಯಾಸವಾದವರು ಬೆಚ್ಚುತ್ತಾರೆ. ಹೌದು, ಆ ಸಡಿಲದಲ್ಲೇ ಲೇಸು ಇರುವುದು. ತುದಿ ಚೂಪಾಗಿರಲಿ, ಮೂರು ಕುಣಿಕೆ ಒಟ್ಟಿಗೆ ಎತ್ತುವಾಗ ಮೊಂಡು ತುದಿ ಪ್ರಾಣ ತೆಗೆಯುತ್ತದೆ. ರೇಷ್ಮೆ ಬೆರೆತ ನೂಲು ಜಾರುತ್ತದೆ, ಅದಕ್ಕೆ ಬಿದಿರಿನ ಕಡ್ಡಿ ವಾಸಿ. ಉಣ್ಣೆಗೆ ಅಲ್ಯೂಮಿನಿಯಂ ನಡೆಯುತ್ತದೆ.

ಬೇರೆ ದೇಶಗಳ ಲೇಸ್ ಶಾಲುಗಳ ಬಗ್ಗೆ ಓದಿದಾಗ ನನಗೆ ಕಂಡದ್ದು ಒಂದೇ. ಸ್ಕಾಟ್ಲೆಂಡಿನ ಉತ್ತರಕ್ಕಿರುವ ಶೆಟ್‌ಲ್ಯಾಂಡ್ ದ್ವೀಪಗಳ ಹೆಂಗಸರು ಕುರಿಯ ಕುತ್ತಿಗೆಯ ಮೆತ್ತನೆಯ ಉಣ್ಣೆಯನ್ನು ಬೇರೆ ತೆಗೆದು, ಜೇಡರ ಬಲೆಯ ಹಾಗೆ ನೂತು, ಉಂಗುರದೊಳಗೆ ತೂರಿಸಬಹುದಾದ ಶಾಲು ಹೆಣೆದರು. ರಷ್ಯಾದ ಒರೆನ್‌ಬರ್ಗ್‌ನಲ್ಲಿ ಮೇಕೆಯ ಒಳತುಪ್ಪಳಕ್ಕೆ ರೇಷ್ಮೆಯ ಎಳೆ ಸೇರಿಸಿ ನೂಲು ಮಾಡುತ್ತಾರೆ. ಎರಡೂ ಕಡೆ ನೂಲಿನ ಕೆಲಸ ಮುಗಿದ ಮೇಲೇ ಕಡ್ಡಿ ಹಿಡಿದರು. ನಮಗೂ ಇದು ಗೊತ್ತಿಲ್ಲದ ಬುದ್ಧಿಯಲ್ಲ. ಚಳ್ಳಕೆರೆ ಕಡೆ ಕಂಬಳಿ ನೇಯುವವರನ್ನು ನೋಡಿ. ದಖನಿ ಕುರಿಯ ಒರಟು ಉಣ್ಣೆ, ಅದಕ್ಕೆ ಹುಣಸೆ ಬೀಜದ ಗಂಜಿ. ಆ ಉಣ್ಣೆಗೆ ಕಂಬಳಿಯೇ ಸರಿ ಅಂತ ಅವರಿಗೆ ಗೊತ್ತು. ಅದರಲ್ಲಿ ಲೇಸ್ ಹೆಣೆದರೆ ಕುತ್ತಿಗೆ ಕೆರೆದುಕೊಳ್ಳಬೇಕಾಗುತ್ತದೆ.

ನನ್ನ ತಕರಾರು ಇರುವುದು ರೇಷ್ಮೆಯ ಬಗ್ಗೆ. ದೇಶದಲ್ಲಿ ಅತಿ ಹೆಚ್ಚು ರೇಷ್ಮೆ ಬೆಳೆಯುವ ರಾಜ್ಯ ನಮ್ಮದು. ರಾಮನಗರ, ಶಿಡ್ಲಘಟ್ಟದ ಮಾರುಕಟ್ಟೆಗಳಲ್ಲಿ ಗೂಡು ರಾಶಿ ಬೀಳುತ್ತದೆ. ಆದರೆ ಕೈಯಲ್ಲಿ ಹೆಣೆಯುವವಳಿಗೆ 50 ಗ್ರಾಂ ರೇಷ್ಮೆ ಲೇಸ್ ನೂಲು ಬೇಕೆಂದರೆ ನಮ್ಮ ತಾಲ್ಲೂಕಿನಲ್ಲಿ ಸಿಗದು. ಬಿಚ್ಚಿದ ಕಚ್ಚಾ ರೇಷ್ಮೆ ಸೀರೆಗಾಗಿ ಇರುವುದು, ತೀರಾ ಸಣ್ಣ. 20 ಡೆನಿಯರ್ ಎಳೆಯಾದರೆ 9000 ಮೀಟರಿಗೆ 20 ಗ್ರಾಂ ಮಾತ್ರ. ಅಂಥ 50ಕ್ಕೂ ಹೆಚ್ಚು ಎಳೆ ಸೇರಿಸಿ, ಹುರಿ ಹಾಕಿ, ಗೋಂದು ತೆಗೆದರೆ ಲೇಸಿಗೆ ಬೇಕಾದ ನೂಲಾಗುತ್ತದೆ. ಹುರಿ ಹಾಕುವ ಯಂತ್ರಗಳು ಈ ಊರುಗಳಲ್ಲೇ ಇವೆ. ಹೆಂಗಸರ ಸಂಘಗಳಿಗೆ ಹೆಣಿಗೆ ಕಲಿಸುತ್ತೇವೆ ಎನ್ನುವವರು ದಪ್ಪ ಅಕ್ರಿಲಿಕ್ ಉಂಡೆ ಹಂಚುವ ಬದಲು ಇಂಥ ನೂಲು ಮಾಡಿಸಿ ಕೊಡಲಿ. ತರಬೇತಿಯ ಮೊದಲ ದಿನ ಕಡ್ಡಿ ಹಿಡಿಸುವುದು ಬೇಡ, ತಕ್ಕಡಿ ಹಿಡಿಸಲಿ.

"ಮನೇಲಿರೋ ನೂಲಲ್ಲಿ ಶುರು ಮಾಡು, ಕಲಿತ ಮೇಲೆ ಒಳ್ಳೇದು ತಗೋ" ಅನ್ನುವವರಿದ್ದಾರೆ. ಸ್ವೆಟರಿಗೆ ಈ ಮಾತು ಸರಿ. ಲೇಸಿಗೆ ಅಲ್ಲ, ಯಾಕೆಂದರೆ ತಪ್ಪು ನೂಲಿನಲ್ಲಿ ಸರಿಯಾಗಿ ಹೆಣೆದರೂ ಕೆಟ್ಟದಾಗೇ ಕಾಣುತ್ತದೆ, ಕಲಿಯುವವಳು ಕೈ ಬಿಟ್ಟುಬಿಡುತ್ತಾಳೆ. ಖರ್ಚಿನ ಹೆದರಿಕೆಯೂ ಅರ್ಧ ಸುಳ್ಳು. ಉಣ್ಣೆ ದುಬಾರಿ, ನಿಜ. ಆದರೆ ಒಂದು ಸಾಮಾನ್ಯ ತ್ರಿಕೋನ ಶಾಲಿಗೆ 400 ಮೀಟರ್ ಹತ್ತಿರ ಸಾಕು, ಅಂದರೆ ಲೇಸ್ ನೂಲಿನಲ್ಲಿ 50 ಗ್ರಾಂ. ಅತ್ತಿಗೆಯ ಆ ಶಾಲು 400 ಗ್ರಾಂ ತಿಂದಿತ್ತು.

ಈ ಸಲ ಅತ್ತಿಗೆ 100 ಗ್ರಾಂ ಮೆರಿನೊ ಲೇಸ್ ನೂಲು ಪೋಸ್ಟಿನಲ್ಲಿ ತರಿಸಿದ್ದಾರೆ. ಎರಡು ಉಂಡೆ, ಎರಡರ ಮೇಲೂ ಒಂದೇ ಬಣ್ಣದ ಲಾಟ್ ನಂಬರ್ ಇದೆಯಾ ಅಂತ ಮೊದಲು ನೋಡಿದರು. ಶಾಲು ಇನ್ನೂ ಶುರುವಾಗಿಲ್ಲ. 30 ಕುಣಿಕೆಯ ಮೂರು ಚೌಕ ಹೆಣೆದು, ನೆನೆಸಿ, ದಿಂಬಿನ ಮೇಲೆ ಪಿನ್ನು ಚುಚ್ಚಿಟ್ಟಿದ್ದರು. ಮೂರೂವರೆಯದು ಬಿಗಿಯಾಯಿತು, ನಾಲ್ಕೂವರೆಯದರಲ್ಲಿ ಎಲೆಯ ಅಂಚು ಕಲಸಿಹೋಯಿತು. ನಾಲ್ಕರದನ್ನು ಬೆಳಕಿಗೆ ಹಿಡಿದು ನನ್ನನ್ನು ಕರೆದರು.

"ಇಲ್ಲಿ ಬಾರಪ್ಪ, ಇದರಲ್ಲಿ ಎಲೆ ಕಾಣ್ತದಾ ನೋಡು."

ಕಾಣುತ್ತಿತ್ತು.