35 ಕೆ.ಜಿ. ಮೂಟೆ ಮತ್ತು ಹಳದಿ ಯಂತ್ರ

ಬೆಳಿಗ್ಗೆ ಐದೂವರೆಗೆ ಮಾಲೂರಿನ ಮೈದಾನದಲ್ಲಿ ನಾವು ನಾಲ್ಕು ಜನ ಮರಳಿನ ಮೂಟೆ ಹೊತ್ತು ಓಡುತ್ತೇವೆ. ಮೂಟೆಯ ತೂಕ ಸರಿಯಾಗಿ 35 ಕೆ.ಜಿ. ಅಂಗಡಿಯ ತಕ್ಕಡಿಯಲ್ಲಿ ತೂಗಿಸಿ ಬಾಯಿ ಹೊಲಿದದ್ದು. ಅದನ್ನು ಎಲ್ಲೂ ಕೆಳಗಿಳಿಸದೆ 2 ನಿಮಿಷದೊಳಗೆ 100 ಮೀಟರ್ ದಾಟಬೇಕು. ಆಮೇಲೆ ಬರಿಗೈಯಲ್ಲಿ 1,000 ಮೀಟರನ್ನು 4 ನಿಮಿಷ 15 ಸೆಕೆಂಡಿನಲ್ಲಿ ಓಡಬೇಕು. ಹುಡುಗಿಯರಿಗಾದರೆ 20 ಕೆ.ಜಿ. ತೂಕ, ಓಟಕ್ಕೆ 5 ನಿಮಿಷ 40 ಸೆಕೆಂಡು. ಹೆಸರು ‘ಲೆವೆಲ್–1’ ಎಂದು ಬದಲಾಗಿದ್ದರೂ ನಾವೆಲ್ಲ ಇವತ್ತಿಗೂ ‘ಗ್ರೂಪ್ ಡಿ’ ಎಂದೇ ಕರೆಯುವ ರೈಲ್ವೆ ನೇಮಕಾತಿಯ ದೈಹಿಕ ಪರೀಕ್ಷೆ ಇದು.

ಮೈದಾನದಿಂದ ಮನೆಗೆ ಹೋಗಿ, ಸ್ನಾನ ಮುಗಿಸಿ, ಬುತ್ತಿ ಹಿಡಿದು ಮೆಮು ಹತ್ತುತ್ತೇನೆ. ಐಟಿಐ ಫಿಟ್ಟರ್ ಮುಗಿಸಿರುವ ನನಗೆ ಸದ್ಯಕ್ಕೆ ವೈಟ್‌ಫೀಲ್ಡ್ ಕಡೆಯ ಒಂದು ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸ. ಒಂದು ದಿನ ರೈಲು ನಿಧಾನವಾದಾಗ ಬಾಗಿಲ ಹತ್ತಿರ ನಿಂತಿದ್ದೆ. ಪಕ್ಕದ ಹಳಿಯ ಮೇಲೆ ಹಳದಿ ಬಣ್ಣದ ಉದ್ದನೆಯ ಯಂತ್ರವೊಂದು ಕೆಲಸ ಮಾಡುತ್ತಿತ್ತು. ಅದರ ಹೊಟ್ಟೆಯಿಂದ ಕಬ್ಬಿಣದ ಬೆರಳುಗಳಂಥವು ಇಳಿದು ಜಲ್ಲಿಯೊಳಗೆ ನುಗ್ಗುತ್ತಿದ್ದವು, ಗಡಗಡ ನಡುಗಿ ಮೇಲೇಳುತ್ತಿದ್ದವು, ಮುಂದಿನ ಸ್ಲೀಪರ್‌ಗೆ ಹೋಗುತ್ತಿದ್ದವು. ಕ್ಯಾಬಿನ್‌ನಲ್ಲಿ ಕೂತ ಆಪರೇಟರ್‌ನ ಕೈ ಹಿಡಿಕೆಗಳ ಮೇಲಿತ್ತು. ಅವನ ಹೆಗಲ ಮೇಲೆ ಮೂಟೆ ಇರಲಿಲ್ಲ. ಆ ಕ್ಷಣ ಅನ್ನಿಸಿತು: ನಾವು ಬೆಳಿಗ್ಗೆ ತಾಲೀಮು ಮಾಡುತ್ತಿರುವುದು ಯಾವ ಕಾಲದ ಕೆಲಸಕ್ಕೆ?

ಈ ಪ್ರಶ್ನೆ ಇಟ್ಟುಕೊಂಡು ಮೊದಲು ಹೋದದ್ದು ನಮ್ಮ ತಾತನ ಹತ್ತಿರ. ತಾತ ಗ್ಯಾಂಗ್‌ಮನ್ ಆಗಿ ನಿವೃತ್ತರಾದವರು. ಅವರು ದುಡಿದದ್ದು ಇದೇ ಹಳಿಯ ಮೇಲೆ. 1864ರಲ್ಲಿ ಬೆಂಗಳೂರು ಕಂಟೋನ್ಮೆಂಟಿನಿಂದ ಜೋಲಾರ್‌ಪೇಟೆಗೆ ಮೊದಲ ರೈಲು ಓಡಿದ ಮಾರ್ಗ ಇದು. ಅವರು ಕೆಲಸಕ್ಕೆ ಸೇರಿದಾಗ ಹಳಿಯಡಿ ಮರದ ಸ್ಲೀಪರ್‌ಗಳೂ ಇದ್ದವು, ಎರಕದ ಕಬ್ಬಿಣದವೂ ಇದ್ದವು. ಕೊಳೆತ ಮರವನ್ನು ಹಾರೆ ಹಾಕಿ ಹೊರಗೆಳೆಯಬೇಕು, ಹೊಸದನ್ನು ತೂರಿಸಬೇಕು, ಅಡಿಗೆ ಜಲ್ಲಿ ತುಂಬಿ ಪಿಕಾಸಿಯಿಂದ ಬಡಿದು ಬಿಗಿ ಮಾಡಬೇಕು. ‘ಐಸಾ’ ಎಂದು ಒಬ್ಬ ಕೂಗಿದರೆ ಎಲ್ಲರೂ ಒಟ್ಟಿಗೆ ಎತ್ತಬೇಕು. ಒಬ್ಬನ ಕೈ ಸಡಿಲವಾದರೂ ಪಕ್ಕದವನ ಕಾಲಿಗೆ ಅಪಾಯ.

‘ತಾತ, ಈಗ ಅದನ್ನೆಲ್ಲಾ ಮಷಿನ್ ಮಾಡುತ್ತೆ’ ಅಂದೆ.

‘ಮಾಡ್ಲಿ ಬಿಡು ಮಗ. ನಮ್ಮ ಬೆನ್ನು ಮಾಡಿದ್ದು ಸಾಕು’ ಅಂದರು. ಸ್ವಲ್ಪ ಹೊತ್ತು ಬಿಟ್ಟು, ‘ಆದ್ರೆ ಮಷಿನ್ ಹೋದ್ಮೇಲೆ ಆ ಹಳಿ ನೋಡ್ಕೊಂಡು ನಡೆಯೋನು ಯಾರಪ್ಪಾ?’ ಅಂತ ಕೇಳಿದರು.

ಈ ಎರಡು ಮಾತಿನಲ್ಲೇ ಇಡೀ ವಿಷಯ ಇದೆ ಎಂದು ನನಗೆ ಆಮೇಲೆ ಗೊತ್ತಾಯಿತು.

ಮೊದಲನೆಯ ಮಾತು ನೋಡೋಣ. ಯಂತ್ರ ಬಂದದ್ದು ಯಾರನ್ನೋ ಮನೆಗೆ ಕಳಿಸಲಿಕ್ಕೆ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ನಿಜವಾದ ಕಾರಣ ಹಳಿಯಡಿಯೇ ಇದೆ. ಈಗ ನಮ್ಮ ಬ್ರಾಡ್‌ಗೇಜ್ ಮುಖ್ಯ ಮಾರ್ಗಗಳಲ್ಲಿ ಇರುವುದು ಕಾಂಕ್ರೀಟ್ ಸ್ಲೀಪರ್. ಒಂದರ ತೂಕ ಸುಮಾರು 285 ಕೆ.ಜಿ. ಎಂಟು ಜನ ಸೇರಿ ಎತ್ತಿದರೆ ತಲೆಗೆ 35 ಕೆ.ಜಿ.ಗಿಂತ ಸ್ವಲ್ಪ ಹೆಚ್ಚು, ಅಂದರೆ ನಮ್ಮ ಮೂಟೆಯ ತೂಕ. ಒಂದು ಸ್ಲೀಪರ್ ಆದರೆ ಎತ್ತಬಹುದು. ಆದರೆ ಒಂದು ಕಿಲೋಮೀಟರಿಗೆ 1,660 ಸ್ಲೀಪರ್ ಬೇಕು. ಲೆಕ್ಕ ಹಾಕಿ, 470 ಟನ್ ದಾಟುತ್ತದೆ. ಇದನ್ನು ಹೆಗಲ ಮೇಲೆ ಮಾಡಿಸುವುದು ಆಗದ ಮಾತು. ಮೇಲಾಗಿ ಪಿಕಾಸಿಯಿಂದ ಬಡಿದರೆ ಕಾಂಕ್ರೀಟಿನ ಅಂಚು ಒಡೆಯುತ್ತದೆ. ಮರ ಹೋಗಿ ಕಾಂಕ್ರೀಟ್ ಬಂದ ದಿನವೇ ಯಂತ್ರ ಅನಿವಾರ್ಯವಾಯಿತು.

ಈ ಯಂತ್ರಗಳು ಒಂದೇ ಬಗೆಯವಲ್ಲ. ನಾನು ನೋಡಿದ್ದು ಟ್ಯಾಂಪಿಂಗ್ ಯಂತ್ರ. ಅದು ಹಳಿಯನ್ನು ಸ್ಲೀಪರ್ ಸಮೇತ ತುಸು ಎತ್ತಿ, ಸೊಟ್ಟ ಇದ್ದರೆ ನೇರ ಮಾಡಿ, ಅಡಿಗೆ ಜಲ್ಲಿಯನ್ನು ಒತ್ತಿ ಕೂರಿಸುತ್ತದೆ. ಗಂಟೆಗೆ ಹೆಚ್ಚೂಕಡಿಮೆ ಒಂದು ಕಿಲೋಮೀಟರ್ ಮುಗಿಸುತ್ತದೆ. ಜಲ್ಲಿಯನ್ನು ಅಗೆದು ಜರಡಿ ಹಿಡಿದು ಮಣ್ಣು ಬೇರ್ಪಡಿಸುವ ಯಂತ್ರ ಬೇರೆ. ಸಡಿಲವಾದ ಜಲ್ಲಿಯನ್ನು ಅದುರಿಸಿ ಗಟ್ಟಿ ಮಾಡುವ ಯಂತ್ರ ಬೇರೆ. ಸ್ಲೀಪರ್ ಬದಲಿಸಲು ಮುಖ್ಯವಾಗಿ ಎರಡು ದಾರಿಗಳಿವೆ. ಒಂದರಲ್ಲಿ, ಡಿಪೊದಲ್ಲೇ ಹಳಿ–ಸ್ಲೀಪರ್ ಜೋಡಿಸಿದ ಏಣಿಯಂಥ ತುಂಡುಗಳನ್ನು ತಂದು, ಕ್ರೇನ್‌ನಂಥ ಯಂತ್ರ ಹಳೆಯ ತುಂಡನ್ನು ಎತ್ತಿ ಹೊಸದನ್ನು ಇಡುತ್ತದೆ. ಇದನ್ನು ‘ಪಿಕ್ಯುಆರ್‌ಎಸ್’ ಎನ್ನುತ್ತಾರೆ. ಇನ್ನೊಂದು, ‘ಟಿಆರ್‌ಟಿ’ ಎಂಬ ಇಡೀ ರೈಲಿನಂಥ ಯಂತ್ರ. ಅದು ನಿಧಾನವಾಗಿ ಮುಂದೆ ಸಾಗುತ್ತಲೇ ಹಳೆಯ ಸ್ಲೀಪರ್‌ಗಳನ್ನು ಒಂದೊಂದಾಗಿ ತೆಗೆದು, ನೆಲ ಸಮ ಮಾಡಿ, ಹೊಸದನ್ನು ಕೂರಿಸುತ್ತಾ ಹೋಗುತ್ತದೆ. 2014ರಲ್ಲಿ ದೇಶದಲ್ಲಿ ಇಂಥ ಎಲ್ಲ ಬಗೆಯ ಹಳಿ ಯಂತ್ರಗಳು 748 ಇದ್ದವು. ಹತ್ತು ವರ್ಷದಲ್ಲಿ ಸಂಖ್ಯೆ 1,600 ದಾಟಿದೆ.

ಹಾಗಾದರೆ ಸಮಸ್ಯೆ ಮುಗಿಯಿತೇ? ಇಲ್ಲ. ಯಂತ್ರಕ್ಕೆ ಬೇಕಾದ ಒಂದು ವಸ್ತುವನ್ನು ಯಾವ ಕಾರ್ಖಾನೆಯೂ ತಯಾರಿಸುವುದಿಲ್ಲ. ಅದು ಸಮಯ. ಯಂತ್ರ ಹಳಿಗಿಳಿಯಬೇಕಾದರೆ ಅಷ್ಟು ಹೊತ್ತು ಆ ಹಳಿಯಲ್ಲಿ ರೈಲು ಓಡಬಾರದು. ಇದನ್ನೇ ರೈಲ್ವೆಯವರು ‘ಬ್ಲಾಕ್’ ಎನ್ನುವುದು. ರೈಲುಗಳು ಹಳಿ ತಪ್ಪುವುದರ ಕುರಿತು ಸಿಎಜಿ ಸಿದ್ಧಪಡಿಸಿದ ವರದಿ 2022ರ ಡಿಸೆಂಬರ್‌ನಲ್ಲಿ ಸಂಸತ್ತಿನಲ್ಲಿ ಮಂಡನೆಯಾಯಿತು. ಎಂಜಿನಿಯರಿಂಗ್ ವಿಭಾಗದ ಹೊಣೆಗೆ ಬಂದ 422 ಪ್ರಕರಣಗಳಲ್ಲಿ 171ಕ್ಕೆ ಹಳಿ ನಿರ್ವಹಣೆಯೇ ಕಾರಣ ಎಂದು ಅದು ಹೇಳಿತು. ಯಂತ್ರಗಳು ಕೆಲಸವಿಲ್ಲದೆ ನಿಂತದ್ದೇಕೆ ಎಂಬುದನ್ನೂ ಲೆಕ್ಕ ಹಾಕಿತು. ಬ್ಲಾಕ್ ಸಿಗದೆ ನಿಂತದ್ದು ಶೇ 32, ವಿಭಾಗಗಳು ಬ್ಲಾಕ್‌ಗೆ ಯೋಜನೆಯನ್ನೇ ಮಾಡದೆ ನಿಂತದ್ದು ಶೇ 30. ಸಿಬ್ಬಂದಿ ಇಲ್ಲದೆ ನಿಂತದ್ದು ಶೇ 5. ಕೋಟಿಗಟ್ಟಲೆ ಬೆಲೆಯ ಯಂತ್ರ ಸೈಡಿಂಗ್‌ನಲ್ಲಿ ನಿಂತಿದ್ದರೆ ಅದರಿಂದ ಹಳಿಗೆ ಏನು ಲಾಭ?

ವೈಟ್‌ಫೀಲ್ಡ್‌ನಲ್ಲಿ ಇಳಿದರೆ ಇದು ಕಣ್ಣಿಗೇ ಕಾಣುತ್ತದೆ. ನಿಲ್ದಾಣದ ಪಕ್ಕದಲ್ಲೇ ಕಾಡುಗೋಡಿಯ ಮೆಟ್ರೊ ನಿಲ್ದಾಣ. ರಾತ್ರಿ ಮೆಟ್ರೊ ನಿಲ್ಲುತ್ತದೆ, ಹಾಗಾಗಿ ಪ್ರತಿ ರಾತ್ರಿ ಅದರ ಹಳಿಗೆ ಕೆಲವು ಗಂಟೆ ಬಿಡುವು. ಪಕ್ಕದ ರೈಲ್ವೆ ಹಳಿಗೆ ರಾತ್ರಿಯೂ ಇಲ್ಲ, ಹಗಲೂ ಇಲ್ಲ. ಚೆನ್ನೈ ಕಡೆಯ ಎಕ್ಸ್‌ಪ್ರೆಸ್‌ಗಳು, 2022ರ ನವೆಂಬರ್‌ನಿಂದ ಮೈಸೂರು–ಚೆನ್ನೈ ವಂದೇ ಭಾರತ್, ನಮ್ಮಂಥ ಕೆಲಸಗಾರರನ್ನು ತುಂಬಿಕೊಂಡ ಮೆಮುಗಳು, ವೈಟ್‌ಫೀಲ್ಡ್ ಡಿಪೊಗೆ ಬರುವ ಕಂಟೇನರ್ ಗಾಡಿಗಳು, ದೇವನಗೊಂದಿಗೆ ಹೋಗುವ ಪೆಟ್ರೋಲ್ ಟ್ಯಾಂಕರ್‌ಗಳು, ಎಲ್ಲಕ್ಕೂ ಇದೇ ಹಳಿ. ಎರಡು ಗಂಟೆ ಬ್ಲಾಕ್ ಕೊಟ್ಟರೆ ಸಾವಿರಾರು ಜನ ಕೆಲಸಕ್ಕೆ ತಡವಾಗುತ್ತಾರೆ. ಕೊಡದಿದ್ದರೆ ಹಳಿ ಸೊರಗುತ್ತದೆ. ನಾವು ಪ್ರಯಾಣಿಕರು ‘ರೈಲು ಲೇಟು’ ಎಂದು ಗೊಣಗುವಾಗ, ಆ ಅರ್ಧ ಗಂಟೆಯಲ್ಲಿ ಮುಂದೆಲ್ಲೋ ಹಳಿ ಸರಿಹೋಗುತ್ತಿರಬಹುದು ಎಂದು ಒಮ್ಮೆ ನೆನೆಸಿಕೊಳ್ಳಬೇಕು. ಕಂಟೋನ್ಮೆಂಟ್–ವೈಟ್‌ಫೀಲ್ಡ್ ನಡುವೆ ನಾಲ್ಕು ಹಳಿಗಳ ಯೋಜನೆ ಮುಖ್ಯವಾಗುವುದು ಇದಕ್ಕೇ. ಹೆಚ್ಚು ರೈಲು ಓಡಿಸಲು ಮಾತ್ರವಲ್ಲ, ಒಂದು ಹಳಿಗೆ ವಿಶ್ರಾಂತಿ ಕೊಡಲೂ ಇನ್ನೊಂದು ಹಳಿ ಬೇಕು.

ಈಗ ತಾತನ ಎರಡನೇ ಮಾತು. ಯಂತ್ರ ಕೆಲಸ ಮುಗಿಸಿ ಹೋಗುತ್ತದೆ, ಹಳಿ ಅಲ್ಲೇ ಇರುತ್ತದೆ. ಬೇಸಿಗೆಯಲ್ಲಿ ಉದ್ದಕ್ಕೆ ಬೆಸೆದ ಹಳಿ ಕಾದು ಬಾಗುವ ಭಯ, ಚಳಿಯಲ್ಲಿ ಬೆಸುಗೆ ಬಿರುಕು ಬಿಡುವ ಭಯ. ಸಡಿಲವಾದ ಕ್ಲಿಪ್ಪನ್ನು ಸುತ್ತಿಗೆಯಿಂದ ಬಡಿದು ಕೂರಿಸುತ್ತಾ ದಿನವೂ ಕಿಲೋಮೀಟರ್‌ಗಟ್ಟಲೆ ನಡೆಯುವ ಕೀಮ್ಯಾನ್ ಇಂದಿಗೂ ಮನುಷ್ಯನೇ. ಯಂತ್ರದ ಸುತ್ತ ದುಡಿಯುವವರಿಗೆ ಹೊಸ ಅಪಾಯವೂ ಇದೆ. ಯಂತ್ರದ ಸದ್ದಿನಲ್ಲಿ ಪಕ್ಕದ ಹಳಿಯಲ್ಲಿ ಬರುವ ರೈಲು ಕೇಳಿಸುವುದಿಲ್ಲ. ಎಲೆಕ್ಟ್ರಿಕ್ ಎಂಜಿನ್ ಮೊದಲೇ ಸದ್ದು ಕಡಿಮೆ. ಹಾಗಾಗಿ ಸೀಟಿ ಊದಿ ಎಚ್ಚರಿಸಲೆಂದೇ ಒಬ್ಬ ನಿಂತಿರಬೇಕು. ಆ ಒಬ್ಬನನ್ನು ಉಳಿತಾಯದ ಪಟ್ಟಿಗೆ ಸೇರಿಸಿದರೆ ಯಂತ್ರದಿಂದ ಬಂದ ಲಾಭ ಒಂದೇ ಗಳಿಗೆಯಲ್ಲಿ ಹೋಗುತ್ತದೆ.

ಇನ್ನು ನಮ್ಮ ವಿಷಯಕ್ಕೆ ಬರೋಣ, ಕೆಲಸ ಹುಡುಕುವವರ ವಿಷಯಕ್ಕೆ. 2025ರ ಆರಂಭದಲ್ಲಿ ಅರ್ಜಿ ಕರೆದ ಲೆವೆಲ್–1 ಅಧಿಸೂಚನೆಯಲ್ಲಿ ಒಟ್ಟು ಹುದ್ದೆ 32,438. ಅದರಲ್ಲಿ ‘ಟ್ರ್ಯಾಕ್ ಮೇಂಟೇನರ್ ಗ್ರೇಡ್–4’ ಹುದ್ದೆಗಳೇ 13,187. ‘ಅಸಿಸ್ಟೆಂಟ್ (ಟ್ರ್ಯಾಕ್ ಮಷಿನ್)’ ಹುದ್ದೆಗಳು 799. ಹುಬ್ಬಳ್ಳಿ ಕೇಂದ್ರವಾಗಿರುವ ನೈರುತ್ಯ ರೈಲ್ವೆಯ ಪಾಲಿಗೆ ಎಲ್ಲ ಬಗೆಯ ಹುದ್ದೆ ಸೇರಿ ಬಂದದ್ದು 503. ಆರಂಭದ ಮೂಲ ವೇತನ 18,000 ರೂಪಾಯಿ. 2019ರ ಅಧಿಸೂಚನೆಯಲ್ಲಿ 1,03,769 ಹುದ್ದೆಗಳಿಗೆ ಒಂದು ಕೋಟಿಗೂ ಹೆಚ್ಚು ಅರ್ಜಿ ಬಂದಿದ್ದವು. ಪರೀಕ್ಷೆ ನಡೆದದ್ದು 2022ರಲ್ಲಿ. ಮೂರು ವರ್ಷ ಕಾದ ಆ ಬ್ಯಾಚಿನ ಅಣ್ಣಂದಿರು ನಮ್ಮ ಊರಿನಲ್ಲೂ ಇದ್ದಾರೆ.

ಈ ಅಂಕಿಗಳಿಂದ ನನಗೆ ಎರಡು ವಿಷಯ ತಿಳಿಯಿತು. ಒಂದು, ಯಂತ್ರ ಬಂದಮೇಲೂ ಹಳಿಗೆ ಜನ ಬೇಕೇ ಬೇಕು. ‘ಎಲ್ಲಾ ಮಷಿನ್ ಆಗೋಯ್ತು, ಇನ್ನೇನು ಕೆಲಸ’ ಎಂಬ ನಿರಾಶೆಗೆ ಆಧಾರವಿಲ್ಲ. ಎರಡು, ಆ ಜನರನ್ನು ಆರಿಸುವ ಅಳತೆಗೋಲು ಮಾತ್ರ ತಾತನ ಕಾಲದ್ದೇ. ಮೂಟೆ ಹೊರುವ ಶಕ್ತಿ ಬೇಡ ಎಂದು ನಾನು ಹೇಳುತ್ತಿಲ್ಲ. ಬಿಸಿಲಲ್ಲಿ ಹಳಿಯ ಮೇಲೆ ನಡೆಯುವವನಿಗೆ ದೇಹಬಲ ಬೇಕು. ಆದರೆ ಸೇರಿದ ಮೇಲೆ ಅವನು ಯಂತ್ರದ ಜೊತೆ ಬದುಕಬೇಕು. ಅದರ ಹೈಡ್ರಾಲಿಕ್ ಪೈಪು ಒಡೆದರೆ ಏನಾಗುತ್ತದೆ, ಟ್ಯಾಂಪಿಂಗ್ ಮಾಡಿದ ಹಳಿಯಲ್ಲಿ ಜಲ್ಲಿ ಗಟ್ಟಿಯಾಗುವ ತನಕ ರೈಲು ಯಾಕೆ ನಿಧಾನವಾಗಿ ಹೋಗಬೇಕು, ಇವೆಲ್ಲ ಅವನಿಗೆ ಗೊತ್ತಿರಬೇಕು.

ನನ್ನ ಐಟಿಐ ಗೆಳೆಯನೊಬ್ಬ ಪೀಣ್ಯದ ಒಂದು ವರ್ಕ್‌ಶಾಪಿನಲ್ಲಿ ಹೈಡ್ರಾಲಿಕ್ ಸಿಲಿಂಡರ್ ಜೋಡಿಸುತ್ತಾನೆ. ಸೀಲ್ ಹರಿದಿದ್ದರೆ ಎಣ್ಣೆಯ ಗುರುತು ನೋಡಿಯೇ ಹೇಳಬಲ್ಲ. ಹಳದಿ ಯಂತ್ರದ ವಿಡಿಯೊ ತೋರಿಸಿದರೆ, ‘ಇದು ನಾನು ದಿನಾ ಮಾಡೋ ಕೆಲಸಾನೇ ಅಲ್ವೇನೋ, ಸ್ವಲ್ಪ ದೊಡ್ಡದು ಅಷ್ಟೇ’ ಅಂದ. ರೈಲ್ವೆಯಲ್ಲಿ ಇಂಥವರಿಗೆ ದಾರಿ ಇದೆ. ಐಟಿಐ ಆದವರಿಗೆ ಟೆಕ್ನಿಷಿಯನ್ ಹುದ್ದೆಗಳಲ್ಲಿ ಟ್ರ್ಯಾಕ್ ಮಷಿನ್ ವಿಭಾಗವಿದೆ, ಡಿಪ್ಲೊಮಾ ಆದವರಿಗೆ ಅದೇ ವಿಭಾಗದ ಜೂನಿಯರ್ ಎಂಜಿನಿಯರ್ ಹುದ್ದೆ ಇದೆ. ಆರಿಸಿಬಂದವರಿಗೆ ತರಬೇತಿ ಕೊಡಲು ಪ್ರಯಾಗ್‌ರಾಜ್‌ನಲ್ಲಿ ಪ್ರತ್ಯೇಕ ಕೇಂದ್ರವೇ ಇದೆ. ಆದರೆ ನಮ್ಮ ಕಡೆಯ ಎಷ್ಟೋ ಹುಡುಗರು ‘ಗ್ರೂಪ್ ಡಿ’ ಒಂದನ್ನೇ ಕೇಳಿ ಬೆಳೆದವರು. ಆ ಯಂತ್ರವನ್ನು ದೂರದಿಂದ ನೋಡಿದ್ದಾರೆ, ಅದರಲ್ಲಿ ತಮಗೊಂದು ಸೀಟಿದೆ ಎಂದು ಅಂದುಕೊಂಡಿಲ್ಲ.

ಬೆಂಗಳೂರಿನ ಸುತ್ತ ಬರಲಿರುವ ಕೆಲಸ ನೋಡಿ. ಉಪನಗರ ರೈಲಿನ ಒಟ್ಟು ಉದ್ದ 148 ಕಿ.ಮೀ. ಎಲೆಕ್ಟ್ರಾನಿಕ್ ಸಿಟಿ ಪಕ್ಕದ ಹೀಲಲಿಗೆಯಿಂದ ರಾಜಾನುಕುಂಟೆವರೆಗಿನ ಕಾರಿಡಾರ್ ಒಂದೇ 46 ಕಿ.ಮೀ. ಹಳಿ ಹಾಕುವುದು ಒಂದು ಸಲದ ಕೆಲಸ, ನೋಡಿಕೊಳ್ಳುವುದು ತಲೆಮಾರುಗಳ ಕೆಲಸ. ಅದಕ್ಕೆ ಬೇಕಾದವರನ್ನು ಈಗಿನಿಂದಲೇ ತಯಾರು ಮಾಡಲು ನಮ್ಮಲ್ಲಿ ಏನಿಲ್ಲ? ಪೀಣ್ಯದ ವರ್ಕ್‌ಶಾಪುಗಳಿವೆ, ಕೆಜಿಎಫ್‌ನಲ್ಲಿ ಬೆಮೆಲ್ ಕಾರ್ಖಾನೆ ಇದೆ, ಊರೂರಿಗೆ ಐಟಿಐಗಳಿವೆ. ಮಾಲೂರು, ಬಂಗಾರಪೇಟೆ, ಹೊಸಕೋಟೆಯ ಐಟಿಐಗಳಲ್ಲಿ ಆರು ತಿಂಗಳ ಹಳಿ ಯಂತ್ರ ನಿರ್ವಹಣೆಯ ಕೋರ್ಸ್ ಒಂದನ್ನು, ಕನ್ನಡದಲ್ಲೇ, ಶುರು ಮಾಡಲು ಸಾಧ್ಯವಿಲ್ಲವೇ? ಈಗ ಟ್ರ್ಯಾಕ್ ಮೇಂಟೇನರ್ ಆಗಿರುವವರಿಗೂ ಯಂತ್ರದ ಕ್ಯಾಬಿನ್‌ಗೆ ಏರುವ ಅವಕಾಶ ಹೆಚ್ಚಬೇಕು. ಹಳಿಯ ಗುಣ ಬಲ್ಲವನಿಗಿಂತ ಒಳ್ಳೆಯ ಆಪರೇಟರ್ ಯಾರು ಸಿಗುತ್ತಾರೆ?

ಮೊನ್ನೆ ಸಂಜೆ ತಾತನಿಗೆ ಮೊಬೈಲ್‌ನಲ್ಲಿ ಟಿಆರ್‌ಟಿ ಕೆಲಸ ಮಾಡುವ ವಿಡಿಯೊ ತೋರಿಸಿದೆ. ಹಳೆಯ ಸ್ಲೀಪರ್ ಮೇಲೇಳುತ್ತದೆ, ಹೊಸದು ಅದೇ ಜಾಗಕ್ಕೆ ಬಂದು ಮಲಗುತ್ತದೆ, ಯಾರೂ ‘ಐಸಾ’ ಅನ್ನುವುದಿಲ್ಲ. ತಾತ ಕನ್ನಡಕ ಸರಿಮಾಡಿಕೊಂಡು ಎರಡು ಸಲ ನೋಡಿದರು. ಯಂತ್ರದ ಹಿಂದೆ ಕಿತ್ತಳೆ ಅಂಗಿ ತೊಟ್ಟು, ಬಗ್ಗಿ ಕ್ಲಿಪ್ ನೋಡುತ್ತಾ ನಡೆಯುತ್ತಿದ್ದವರ ಮೇಲೆ ಬೆರಳಿಟ್ಟರು. ‘ನೋಡು, ಇಲ್ಲವನೆ ನೋಡು’ ಅಂದರು. ಮಾತಿನಲ್ಲಿ ಸಮಾಧಾನ ಇತ್ತು.

ನಾಳೆಯೂ ಐದೂವರೆಗೆ ಮೈದಾನಕ್ಕೆ ಹೋಗುತ್ತೇನೆ. 100 ಮೀಟರಿಗೆ ಇನ್ನೂ ಏಳೆಂಟು ಸೆಕೆಂಡ್ ಕಡಿಮೆ ಮಾಡಿಕೊಳ್ಳಬೇಕು. ಆದರೆ ಈಗ ಬುತ್ತಿಯ ಜೊತೆ ಚೀಲದಲ್ಲಿ ಐಟಿಐನ ಹಳೆಯ ಹೈಡ್ರಾಲಿಕ್ಸ್ ನೋಟ್ಸನ್ನೂ ಇಟ್ಟುಕೊಂಡಿದ್ದೇನೆ. ಮಾಲೂರಿನಿಂದ ವೈಟ್‌ಫೀಲ್ಡ್‌ಗೆ ಹೋಗುವಷ್ಟರಲ್ಲಿ ನಾಲ್ಕು ಪುಟ ಓದಬಹುದು. ಮುಂದೆ ಬ್ಲಾಕ್ ಇದ್ದರೆ ಆರು.