ರೋಬೋ ಯಾಕೆ ಬಿತ್ತು ಅಂತ ಕೇಳಿ ಸ್ವಾಮಿ!

ಕಂಟ್ರೋಲ್ ಸಿಸ್ಟಮ್ಸ್ ಪೇಪರಿನಲ್ಲಿ ರೂಟ್ ಲೋಕಸ್, ಬೋಡೆ ಪ್ಲಾಟ್ ಎಲ್ಲಾ ಚೆಂದ ಗೀಚಿ ಮಾರ್ಕ್ಸ್ ತೆಗೆದವರಲ್ಲಿ ನಾನೂ ಒಬ್ಬ. ಅದೆಲ್ಲ ಏನು ಅಂತ ತಲೆಗೆ ಹೋಗಿದ್ದು ಮಾತ್ರ ಎಷ್ಟೋ ವರ್ಷದ ಮೇಲೆ, ಹುಡುಗರ ಜೊತೆ ಕೂತು ಎರಡೇ ಚಕ್ರದ ಮೇಲೆ ನಿಲ್ಲುವ ರೋಬೋ ಮಾಡಿಸುವಾಗ.

ಅಂಗೈ ಮೇಲೆ ಕೋಲು ನಿಲ್ಲಿಸಿದ್ದೀರಲ್ಲ, ಅದೇ ಆಟ. ಬೀಳುವ ಕಡೆಗೇ ಚಕ್ರ ಓಡಬೇಕು. ವಾಲಿದ್ದಕ್ಕೆ ತಕ್ಕಂತೆ ತಳ್ಳುವ ಗೇನ್ ಕಮ್ಮಿಯಾದ್ರೆ ದೊಪ್ಪನೆ ಬೀಳುತ್ತೆ, ಜಾಸ್ತಿಯಾದ್ರೆ ದೆವ್ವ ಹಿಡಿದಂತೆ ನಡುಗುತ್ತೆ. ವಾಲುವ ವೇಗವನ್ನೂ ಲೆಕ್ಕಕ್ಕೆ ತಗೊಂಡ್ರೆ ನಡುಕ ಇಳಿಯುತ್ತೆ. ನಮ್ಮದು ನಿಂತ ಸ್ವಲ್ಪ ಹೊತ್ತಿಗೇ ಒಂದೇ ದಿಕ್ಕಿಗೆ ಓಡುತ್ತಿತ್ತು. ಎರಡು ದಿನ ಗೇನ್ ತಿರುವಿದ್ದೇ ತಿರುವಿದ್ದು! ಕೊನೆಗೆ ನೋಡಿದ್ರೆ, ಗೈರೋ ಒಂದನ್ನೇ ನಂಬಿ ಕೋನ ಲೆಕ್ಕ ಹಾಕ್ತಿದ್ವಿ. ಅದರ ಚಿಕ್ಕ ತಪ್ಪು ಕೂಡುತ್ತಾ ಕೂಡುತ್ತಾ 'ನೆಟ್ಟಗೆ' ಅನ್ನೋದೇ ಜಾರಿಹೋಗಿತ್ತು. ಆಕ್ಸೆಲೆರೋಮೀಟರನ್ನೂ ಜೊತೆಗೆ ಸೇರಿಸಿದ ಮೇಲೆ ನಿಂತಿತು. 1942ರ ಜೀಗ್ಲರ್-ನಿಕೋಲ್ಸ್ ಸೂತ್ರ ಬಾಯಿಪಾಠ ಇದ್ದವರಿಗೂ ಇದು ಹೊಳೆದಿರಲಿಲ್ಲ (ನನಗೂ ಸೇರಿ).

ನನ್ನ ತಕರಾರು ಇಷ್ಟೇ. ವೈವಾದಲ್ಲಿ ಕೇಳೋದು "ನಿಲ್ಲುತ್ತಾ?" ಅಂತ ಮಾತ್ರ. ಹಾಗಾಗಿ ನೆಟ್ಟಿನಿಂದ ರೆಡಿಮೇಡ್ ಕೋಡ್ ಇಳಿಸಿ, ಅದೇ ಅಳತೆಯ ಕಿಟ್ ಜೋಡಿಸಿ ನಿಲ್ಲಿಸಿದವರಿಗೂ ಪೂರ್ತಿ ಮಾರ್ಕ್ಸ್. ಅದರ ಬದಲು ಪರೀಕ್ಷಕರು ರೋಬೋ ತಲೆಗೆ ಇನ್ನೊಂದು ಬ್ಯಾಟರಿ ಕಟ್ಟಿ, "ಈಗ ನಿಲ್ಲಿಸಿ ನೋಡೋಣ, ಅರ್ಧ ಗಂಟೆ ಟೈಮು" ಅನ್ನಲಿ. ಬಿದ್ದರೂ ಚಿಂತೆಯಿಲ್ಲ, ಯಾಕೆ ಬಿತ್ತು ಅಂತ ಹೇಳಿದವರಿಗೆ ಮಾರ್ಕ್ಸ್ ಕೊಡಲಿ. ನಿಮ್ಮಲ್ಲಿ ಮೇಷ್ಟ್ರುಗಳು ಯಾರಾದ್ರೂ ಇದ್ರೆ, ಇದು ಆಗೋ ಮಾತಾ?